ಬೂಷ್ಟು ಹಿಡಿದ ಹುಲ್ಲಿನ ದೂಳು: ರಾಸಿಗಷ್ಟೇ ಅಲ್ಲ, ನಿಮ್ಮ ಶ್ವಾಸಕೋಶಕ್ಕೂ ಕೇಡು

– ಪಶುವೈದ್ಯಾಧಿಕಾರಿ, ವಿಸ್ತರಣಾ ವಿಭಾಗ



ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ಸಂಘಕ್ಕೆ ಹೇಳಿ ಕಳಿಸುತ್ತೀರಿ. ಮೇವು ಬಿಟ್ಟರೆ ರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಫೋನ್ ಮಾಡುತ್ತೀರಿ. ಇದು ಒಳ್ಳೆಯ ಅಭ್ಯಾಸ. ಆದರೆ ಅದೇ ಹಸುವಿಗೆ ದಿನವೂ ಹುಲ್ಲು ಹಾಕುವ ಮನೆಯವರ ಕೆಮ್ಮನ್ನು ಮಾತ್ರ ಎರಡು ಮೂರು ವರ್ಷ ಹಾಗೆಯೇ ಬಿಡುತ್ತೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ರಾಸಿನ ಕಾಯಿಲೆಯನ್ನು ಬದಿಗಿಟ್ಟು, ರಾಸು ಸಾಕುವವರಿಗೆ ಬರುವ ಒಂದು ತೊಂದರೆಯ ಬಗ್ಗೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಾಗಿ ಕಾಲದಲ್ಲಿ ಒಬ್ಬ ಸದಸ್ಯರ ಮನೆಗೆ ಹೋಗಿದ್ದೆ. ಮಿಶ್ರತಳಿ ಹಸು ಮೇವು ತಿನ್ನುತ್ತಿಲ್ಲ ಎಂಬ ದೂರು. ನೋಡಿದರೆ ಹಸುವಿಗೆ ಜ್ವರವಿಲ್ಲ, ಮೆಲುಕು ಹಾಕುತ್ತಿದೆ. ಗೋದಲಿಯಲ್ಲಿದ್ದ ರಾಗಿ ಹುಲ್ಲನ್ನು ಮಾತ್ರ ಮೂಸಿ ಮೂತಿ ತಿರುಗಿಸುತ್ತಿತ್ತು. ಹುಲ್ಲು ಕೈಗೆತ್ತಿಕೊಂಡರೆ ಮುಗ್ಗಲು ವಾಸನೆ, ಕೊಡವಿದರೆ ಬೂದಿಯಂಥ ದೂಳು. ಒಕ್ಕಣೆಯ ಸಮಯದಲ್ಲಿ ಮಳೆಗೆ ಸಿಕ್ಕಿದ ಹುಲ್ಲನ್ನು ಪೂರ್ತಿ ಒಣಗಿಸದೆ ಬಣವೆ ಒಟ್ಟಿದ್ದರು.

ಮನೆಯ ಹೆಣ್ಣುಮಗಳು ಪಕ್ಕದಲ್ಲಿ ನಿಂತು ಕೆಮ್ಮುತ್ತಿದ್ದರು. "ಯಾಕಮ್ಮ, ಈ ಕೆಮ್ಮು ಎಷ್ಟು ದಿನದಿಂದ?" ಎಂದು ಕೇಳಿದೆ.

"ಮಾಗಿ ಬಂದ್ರೆ ಇದ್ದಿದ್ದೇ ಸಾರ್. ಮೂರು ವರ್ಷ ಆಯ್ತು. ಹುಲ್ಲು ಹಿರಿದು ಕೊಡವಿದ ದಿನ ರಾತ್ರಿ ಚಳಿ ಜ್ವರ ಬರುತ್ತೆ, ಎದೆ ಹಿಡ್ಕೊಳ್ಳುತ್ತೆ. ಎರಡು ದಿನಕ್ಕೆ ತಾನೇ ಇಳಿಯುತ್ತೆ" ಎಂದರು.

ಕಾಯಿಲೆ ಯಾವುದೆಂಬ ಸುಳಿವನ್ನು ಅವರೇ ಹೇಳಿಬಿಟ್ಟಿದ್ದರು. ಅಷ್ಟು ದಿನ ಅವರು ನೆಗಡಿಯೆಂದು, ಶೀತ ಗಾಳಿಯೆಂದು ಕೆಮ್ಮಿನ ಔಷಧಿ ಕುಡಿದಿದ್ದರು. ಎರಡು ಸಾರಿ ಕಫ ಪರೀಕ್ಷೆಯಾಗಿ ಕ್ಷಯವಿಲ್ಲ ಎಂದು ಬಂದಿತ್ತು. "ಏನು ಕೆಲಸ ಮಾಡ್ತೀಯಮ್ಮ?" ಎಂದು ಯಾರೂ ಕೇಳಿರಲಿಲ್ಲ. ನಾನು ದನದ ಡಾಕ್ಟರು. ಮನುಷ್ಯರಿಗೆ ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಆದ್ದರಿಂದ ಎದೆರೋಗ ತಜ್ಞರನ್ನು ಕಾಣಿರಿ, ಹುಲ್ಲಿನ ವಿಷಯವನ್ನು ಮೊದಲು ಹೇಳಿರಿ ಎಂದು ಹೇಳಿ ಬಂದೆ. ತಜ್ಞರು ಪರೀಕ್ಷಿಸಿ, ಬೂಷ್ಟು ಹುಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಆಗಿರುವ ತೊಂದರೆ ಎಂದು ಗುರುತಿಸಿದರು. ಈಗ ಆ ಹೆಣ್ಣುಮಗಳಿಗೆ ಜ್ವರ ಬರುತ್ತಿಲ್ಲ. ಆದರೆ ದಿಬ್ಬ ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮೂರು ವರ್ಷ ತಡವಾಗಿದ್ದರ ಬೆಲೆ ಅದು.

ಬೂಷ್ಟು ಎಂದರೇನು?

ಹಳಸಿದ ರೊಟ್ಟಿ, ಉಪ್ಪಿನಕಾಯಿ, ಒದ್ದೆ ಹುಲ್ಲಿನ ಮೇಲೆ ಹತ್ತಿಯಂತೆ ಬೆಳೆಯುವ ಬಿಳಿ, ಹಸಿರು ಅಥವಾ ಕಪ್ಪು ಪೊರೆಯೇ ಬೂಷ್ಟು. ಶಾಸ್ತ್ರದಲ್ಲಿ ಇದನ್ನು ಶಿಲೀಂಧ್ರ ಎನ್ನುತ್ತಾರೆ. ಇದು ಕೊಳೆಯುವ ವಸ್ತುವನ್ನು ತಿಂದು ಬದುಕುವ ಸೂಕ್ಷ್ಮ ಜೀವಿ. ಇದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಗಾಳಿಯಲ್ಲಿ ತೇಲುತ್ತಾ ಎಲ್ಲೆಡೆ ಹರಡುತ್ತವೆ.

ನಮ್ಮ ಕೊಟ್ಟಿಗೆಗೆ ಮುಖ್ಯವಾದದ್ದು ಆಸ್ಪರ್ಜಿಲಸ್ ಎಂಬ ಗುಂಪು. 1729ರಲ್ಲಿ ಇಟಲಿಯ ಮಿಕೇಲಿ ಎಂಬ ಪಾದ್ರಿ ಇದಕ್ಕೆ ಈ ಹೆಸರಿಟ್ಟರು. ಸೂಕ್ಷ್ಮದರ್ಶಕದಲ್ಲಿ ಅದರ ಆಕಾರ ಚರ್ಚಿನಲ್ಲಿ ತೀರ್ಥ ಪ್ರೋಕ್ಷಿಸುವ ಸಾಧನದಂತೆ ಕಂಡಿದ್ದೇ ಅದಕ್ಕೆ ಕಾರಣ. ಈ ಗುಂಪಿನ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬುದು ಕಾವೇರಿದ ಹುಲ್ಲು, ಸೈಲೇಜು, ಗೊಬ್ಬರದ ಗುಂಡಿಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬುದು ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ, ಹತ್ತಿಕಾಳುಗಳಲ್ಲಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ.

ಬಣವೆಯೊಳಗೆ ನಡೆಯುವುದೇನು?

ಚೆನ್ನಾಗಿ ಒಣಗಿದ ಹುಲ್ಲಿನಲ್ಲಿ 100 ಕಿಲೋಗೆ 15 ಕಿಲೋಗಿಂತ ಹೆಚ್ಚು ನೀರು ಇರಬಾರದು. ಇಷ್ಟಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಇದಕ್ಕಿಂತ ಹೆಚ್ಚು ತೇವವಿರುವ ಹುಲ್ಲನ್ನು ಒತ್ತಿ ಒಟ್ಟಿದರೆ ಒಳಗೆ ಕಾವು ಹುಟ್ಟುತ್ತದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1960ರ ದಶಕದ ಆರಂಭದಲ್ಲಿ ಇದನ್ನು ಅಳೆದು ನೋಡಿದರು. ತೇವಾಂಶ ಶೇಕಡ 16ರ ಹತ್ತಿರವಿದ್ದ ಹುಲ್ಲಿನಲ್ಲಿ ಬೂಷ್ಟು ಬಹಳ ಕಡಿಮೆ. ಶೇಕಡ 25 ಇದ್ದಾಗ ಹುಲ್ಲು ಸುಮಾರು 45 ಡಿಗ್ರಿಯವರೆಗೆ ಕಾದು ಬೂಷ್ಟು ಹಿಡಿಯಿತು. ಶೇಕಡ 40 ಇದ್ದಾಗ 60 ಡಿಗ್ರಿಗೂ ಮೇಲೆ ಕಾದು, ಬಿಸಿಯಲ್ಲೇ ಬೆಳೆಯುವ ಆಕ್ಟಿನೋಮೈಸೀಟ್ ಎಂಬ ಜೀವಿಗಳು ತುಂಬಿಕೊಂಡವು. ಇವು ನೋಡಲು ಬೂಷ್ಟಿನಂತೆ ಎಳೆ ಎಳೆಯಾಗಿದ್ದರೂ ಜಾತಿಯಲ್ಲಿ ಬ್ಯಾಕ್ಟೀರಿಯಾ. ನಮ್ಮ ಬಣವೆಯಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ, ಎರಡೂ ಎದೆಗೆ ಕೇಡು ಮಾಡುತ್ತವೆ.

ನಮ್ಮ ಕಡೆ ರಾಗಿ, ಭತ್ತದ ಕೊಯ್ಲು ಆಗುವುದು ನವೆಂಬರ್, ಡಿಸೆಂಬರ್ ತಿಂಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮಳೆ ಹಿಡಿಯುವುದೂ ಆಗಲೇ. 2021ರ ನವೆಂಬರಿನಲ್ಲಿ ರಾಜ್ಯದಲ್ಲಿ ಸುರಿದ ಅಕಾಲ ಮಳೆಯಲ್ಲಿ ಕೊಯ್ದ ಬೆಳೆ ಹೊಲದಲ್ಲೇ ನೆನೆದದ್ದು ನಿಮಗೆ ನೆನಪಿರಬಹುದು. ಅಂಥ ವರ್ಷ ಹುಲ್ಲು ಸಿಕ್ಕಿದರೆ ಸಾಕೆಂದು ಅರೆ ಒಣಗಿದ್ದನ್ನೇ ಒಟ್ಟುತ್ತೇವೆ. ಯಂತ್ರದಲ್ಲಿ ಸುತ್ತಿದ ಭತ್ತದ ಹುಲ್ಲಿನ ಸುರುಳಿಯಲ್ಲೂ ಇದೇ ಸಮಸ್ಯೆ. ಸುರುಳಿ ಹೊರಗೆ ಒಣಗಿ ಹೊಂಬಣ್ಣವಾಗಿ ಕಂಡರೂ ಬಿಗಿಯಾದ ಒಳಭಾಗ ಕಪ್ಪಾಗಿರಬಹುದು.

ದೂಳು ಎದೆಯೊಳಗೆ ಹೋಗುವ ಬಗೆ

ಒಬ್ಬ ಮನುಷ್ಯ ದಿನಕ್ಕೆ ಸುಮಾರು 10 ಸಾವಿರ ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಅಂದರೆ ನಮ್ಮ ಒಂದು ಹಾಲಿನ ಟ್ಯಾಂಕರಿನಷ್ಟು. ದಪ್ಪ ದೂಳು ಮೂಗಿನ ಕೂದಲು ಮತ್ತು ಗೊಣ್ಣೆಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ಸಣ್ಣದು ಗಂಟಲಲ್ಲಿ ಸಿಕ್ಕಿ ಕಫದ ಜೊತೆ ಹೊರಬರುತ್ತದೆ. ಆದರೆ 5 ಮೈಕ್ರಾನಿಗಿಂತ ಸಣ್ಣ ಕಣಗಳು ಈ ಎಲ್ಲ ಕಾವಲುಗಳನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲಗಳನ್ನೇ ತಲುಪುತ್ತವೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರ ಒಂದು ಭಾಗ ಒಂದು ಮೈಕ್ರಾನ್. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಬೀಜದ ಗಾತ್ರ 2ರಿಂದ 3.5 ಮೈಕ್ರಾನ್, ಆಕ್ಟಿನೋಮೈಸೀಟ್ ಬೀಜದ್ದು ಸುಮಾರು 1 ಮೈಕ್ರಾನ್.

ಅದೇ ರಾಥಮ್‌ಸ್ಟೆಡ್ ಕೇಂದ್ರದವರು 1964ರಲ್ಲಿ ಬೂಷ್ಟು ಹುಲ್ಲು ಕೊಡವುತ್ತಿದ್ದ ಕೊಟ್ಟಿಗೆಗಳ ಗಾಳಿಯನ್ನು ಪರೀಕ್ಷಿಸಿದರು. ಒಂದು ಘನ ಮೀಟರ್ ಗಾಳಿಯಲ್ಲಿ 160 ಕೋಟಿವರೆಗೂ ಬೀಜಕಣಗಳಿದ್ದವು. ಅಲ್ಲಿ ಹಗುರ ಕೆಲಸ ಮಾಡುವವರ ಶ್ವಾಸಕೋಶದಲ್ಲಿ ನಿಮಿಷಕ್ಕೆ ಏಳೂವರೆ ಲಕ್ಷ ಬೀಜಗಳು ಉಳಿದುಕೊಳ್ಳಬಹುದೆಂದು ಲೆಕ್ಕ ಹಾಕಿದರು. ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಹುಲ್ಲು ಕೊಡವುವವರ ಗತಿಯನ್ನು ನೀವೇ ಲೆಕ್ಕ ಹಾಕಿರಿ.

ಮೂರು ಬಗೆಯ ತೊಂದರೆ

ಬೂಷ್ಟಿನಿಂದ ಎದೆಗೆ ಆಗುವ ತೊಂದರೆಗಳೆಲ್ಲ ಒಂದೇ ಅಲ್ಲ. ಚಿಕಿತ್ಸೆಯೂ ಬೇರೆ ಬೇರೆ. ಆದ್ದರಿಂದ ಇವನ್ನು ಬಿಡಿಸಿ ತಿಳಿಯುವುದು ಒಳ್ಳೆಯದು.

1. ರೈತನ ಶ್ವಾಸಕೋಶ ರೋಗ: ಇದು ಸೋಂಕಲ್ಲ, ಒಗ್ಗದಿಕೆ. ಪದೇ ಪದೇ ಒಳಹೋದ ಬೀಜಕಣಗಳ ವಿರುದ್ಧ ನಮ್ಮ ದೇಹವೇ ಹೋರಾಡುತ್ತದೆ, ಆ ಹೋರಾಟದಲ್ಲಿ ಶ್ವಾಸಕೋಶ ಬಾತುಕೊಳ್ಳುತ್ತದೆ. 1932ರಲ್ಲಿ ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್ ಎಂಬುವರು ಬೂಷ್ಟು ಹುಲ್ಲಿನ ಕೆಲಸ ಮಾಡಿದ ಕೂಲಿಕಾರರಲ್ಲಿ ಇದನ್ನು ಕಂಡು ಮೊದಲ ಬಾರಿಗೆ ವಿವರವಾಗಿ ಬರೆದರು. ಹುಲ್ಲು ಮುಟ್ಟಿದ 4ರಿಂದ 8 ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು, ಉಸಿರು ಸಾಲದಿರುವುದು ಕಾಣಿಸುತ್ತದೆ. ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಬೆಳಿಗ್ಗೆ ಮಾಡಿದ ಕೆಲಸಕ್ಕೆ ಸಂಜೆ ಜ್ವರ ಬರುವುದರಿಂದ ಎರಡಕ್ಕೂ ಸಂಬಂಧ ಕಲ್ಪಿಸುವುದು ಯಾರಿಗೂ ಹೊಳೆಯುವುದಿಲ್ಲ.

ಕೆಲವರಿಗೆ ಜ್ವರವೇ ಬರುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ದೂಳು ಕುಡಿಯುತ್ತಾ ಕೆಮ್ಮು, ಆಯಾಸ, ತೂಕ ಇಳಿಯುವುದು ನಿಧಾನವಾಗಿ ಶುರುವಾಗುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಶ್ವಾಸಕೋಶ ಗಾಯ ಮಾಯ್ದ ಚರ್ಮದಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ.

2. ಬೂಷ್ಟಿನ ಉಬ್ಬಸ: ಮೊದಲೇ ಉಬ್ಬಸ ಇರುವ ಕೆಲವರಲ್ಲಿ ಆಸ್ಪರ್ಜಿಲಸ್ ಶ್ವಾಸನಾಳದ ಕಫದಲ್ಲಿ ನೆಲೆಸಿ ಬೆಳೆಯುತ್ತದೆ. ಉಬ್ಬಸ ಮಾಮೂಲಿ ಔಷಧಿಗೆ ಬಗ್ಗುವುದಿಲ್ಲ. ಕಂದು ಬಣ್ಣದ ಗಟ್ಟಿ ಕಫದ ತುಂಡುಗಳು ಬರಬಹುದು. ಎಕ್ಸ್‌ರೇಯಲ್ಲಿ ಮಚ್ಚೆ ಕಾಣುವುದರಿಂದ ನಮ್ಮ ದೇಶದಲ್ಲಿ ಇದನ್ನು ಕ್ಷಯವೆಂದು ತಿಳಿದು ಚಿಕಿತ್ಸೆ ಕೊಟ್ಟ ಉದಾಹರಣೆಗಳು ಬಹಳ ಇವೆ. ರಕ್ತ ಪರೀಕ್ಷೆಯಿಂದ ಗುರುತಿಸಬಹುದು.

3. ನಿಜವಾದ ಸೋಂಕು: ಆರೋಗ್ಯವಂತರ ದೇಹ ಒಳಹೋದ ಬೀಜಗಳನ್ನು ಸಾಮಾನ್ಯವಾಗಿ ಕೊಂದುಹಾಕುತ್ತದೆ. ಆದರೆ ಹಿಂದೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಪೊಳ್ಳು ಉಳಿದಿದ್ದರೆ ಅದರೊಳಗೆ ಬೂಷ್ಟು ಉಂಡೆಕಟ್ಟಿ ಬೆಳೆಯಬಹುದು. ಆಗ ಕೆಮ್ಮಿನಲ್ಲಿ ರಕ್ತ ಬೀಳುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಅಂಗಾಂಗ ಕಸಿಯಾದವರು, ಹೆಚ್ಚು ದಿನ ಸ್ಟಿರಾಯ್ಡ್ ಮಾತ್ರೆ ನುಂಗುವವರಲ್ಲಿ ಬೂಷ್ಟು ಶ್ವಾಸಕೋಶವನ್ನೇ ಹೊಕ್ಕು ಪ್ರಾಣಕ್ಕೆ ಅಪಾಯ ತರಬಹುದು. 2021ರಲ್ಲಿ ಕೋವಿಡ್ ನಂತರ ಕಪ್ಪು ಶಿಲೀಂಧ್ರ ಎಂದು ಎಲ್ಲರೂ ಹೆದರಿದ ರೋಗ ಬೇರೊಂದು ಜಾತಿಯ ಶಿಲೀಂಧ್ರದ್ದು. ಅದು ಕೂಡ ಹೆಚ್ಚಾಗಿ ಹಿಡಿದದ್ದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದವರನ್ನು, ಸ್ಟಿರಾಯ್ಡ್ ಪಡೆದವರನ್ನು.

ಈ ಮೂರೂ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮನೆಯವರು ಹೆದರಿ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಕ್ಷಯವೋ, ಬೂಷ್ಟೋ?

ಈ ಗೊಂದಲ ಹಳೆಯದು. ಪ್ಯಾರಿಸ್ ನಗರದಲ್ಲಿ ಹಿಂದೆ ಪಾರಿವಾಳ ಕೊಬ್ಬಿಸಿ ಮಾರುವ ಕಸುಬಿತ್ತು. ಕೆಲಸಗಾರರು ಕಾಳನ್ನು ನೀರಿನ ಜೊತೆ ಬಾಯಲ್ಲಿ ತುಂಬಿಕೊಂಡು ಪಾರಿವಾಳದ ಕೊಕ್ಕಿಗೆ ಬಾಯಿಯಿಂದಲೇ ಉಣಿಸುತ್ತಿದ್ದರು. ಅವರಲ್ಲಿ ಕೆಮ್ಮು, ಜ್ವರ, ಕಫದಲ್ಲಿ ರಕ್ತ ಕಾಣಿಸಿತು. ನೋಡಿದರೆ ಕ್ಷಯದಂತೆಯೇ ಇತ್ತು. 1890ರಲ್ಲಿ ಅಲ್ಲಿನ ಮೂವರು ವೈದ್ಯರು ಇದು ಕಾಳಿನ ಬೂಷ್ಟಿನಿಂದ ಬಂದ ರೋಗವೆಂದು ತೋರಿಸಿದರು. ಕಸುಬಿನಿಂದ ಬರುವ ಬೂಷ್ಟಿನ ಸೋಂಕನ್ನು ಗುರುತಿಸಿದ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು.

ನಮ್ಮ ದೇಶದಲ್ಲೂ ಲೆಕ್ಕ ಸಿಕ್ಕಿದೆ. ಶ್ವಾಸಕೋಶ ಗಟ್ಟಿಯಾಗುವ ಬಗೆಯ ಕಾಯಿಲೆಗಳುಳ್ಳ 1084 ರೋಗಿಗಳನ್ನು 27 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ವರದಿಯೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 47 ಜನರಿಗೆ ಇದ್ದದ್ದು ಮೇಲೆ ಹೇಳಿದ ಮೊದಲನೇ ಬಗೆಯ ಒಗ್ಗದಿಕೆ. ಅವರಲ್ಲಿ ಅನೇಕರಿಗೆ ಕಾರಣ ಏರ್ ಕೂಲರಿನ ಒದ್ದೆ ಮೆತ್ತೆಯ ಬೂಷ್ಟು ಇರಬಹುದೆಂದು ಕಂಡುಬಂತು. ಜಾಗ ಬೇರೆಯಾದರೂ ತತ್ವ ಒಂದೇ: ಒದ್ದೆ, ಬೂಷ್ಟು, ಅದರ ಮೇಲೆ ಬೀಸುವ ಗಾಳಿ.

ಹಾಗೆಂದು ಕೆಮ್ಮು ಬಂದಾಗ ಕ್ಷಯವನ್ನು ಮರೆಯಬಾರದು. ಎರಡು ವಾರ ದಾಟಿದ ಯಾವುದೇ ಕೆಮ್ಮಿಗೆ ಕಫ ಪರೀಕ್ಷೆ ಮೊದಲು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಅಲ್ಲಿ ಕ್ಷಯವಿಲ್ಲವೆಂದು ಬಂದರೆ ಸುಮ್ಮನಾಗದೆ ಮುಂದಿನ ಪರೀಕ್ಷೆಗೆ ಹೋಗಿರಿ. ವೈದ್ಯರ ಬಳಿ ಈ ನಾಲ್ಕು ಮಾತುಗಳನ್ನು ತಪ್ಪದೆ ಹೇಳಿರಿ:

– ನಾನು ದನ ಸಾಕುತ್ತೇನೆ, ಹುಲ್ಲು ಹಿರಿಯುವ ಕೆಲಸ ನನ್ನದು.
– ಹುಲ್ಲಿಗೆ ಬೂಷ್ಟು ಹಿಡಿದಿದೆ (ಅಥವಾ ಇಲ್ಲ).
– ಕೆಲಸ ಮಾಡಿದ ಎಷ್ಟು ಹೊತ್ತಿಗೆ ಕೆಮ್ಮು, ಜ್ವರ ಬರುತ್ತದೆ.
– ನಾಲ್ಕು ದಿನ ನೆಂಟರ ಮನೆಗೆ ಹೋದಾಗ ಕಡಿಮೆಯಾಗುತ್ತದೆಯೇ, ಹಿಂತಿರುಗಿದಾಗ ಹೆಚ್ಚುತ್ತದೆಯೇ.

ನಾಲ್ಕನೆಯ ಮಾತಿಗೆ ಬೆಲೆ ಹೆಚ್ಚು. ಊರು ಬಿಟ್ಟಾಗ ಇಳಿದು, ಕೊಟ್ಟಿಗೆಗೆ ಮರಳಿದಾಗ ಏರುವ ಕೆಮ್ಮಿಗೆ ಕೊಟ್ಟಿಗೆಯೇ ಕಾರಣವಿರಬಹುದು.

ರೈತನ ಶ್ವಾಸಕೋಶ ರೋಗಕ್ಕೆ ಮೊದಲ ಚಿಕಿತ್ಸೆ ಎಂದರೆ ಆ ದೂಳಿನಿಂದ ದೂರವಿರುವುದು. ಬೇಕಾದಾಗ ವೈದ್ಯರು ಸ್ಟಿರಾಯ್ಡ್ ಕೊಡುತ್ತಾರೆ. ಸಾಮಾನ್ಯ ಸೋಂಕಿನ ಮಾತ್ರೆಗಳಿಂದ ಗುಣವಿಲ್ಲ. ಸ್ಟಿರಾಯ್ಡನ್ನು ಸ್ವಂತ ಬುದ್ಧಿಯಿಂದಾಗಲಿ, ಅಂಗಡಿಯವರ ಮಾತಿನಿಂದಾಗಲಿ ತೆಗೆದುಕೊಳ್ಳಬಾರದು. ಮೂರನೇ ಬಗೆಯ ಸೋಂಕು ಇರುವವರಿಗೆ ಅದೇ ಔಷಧಿ ಕೇಡು ಮಾಡಬಹುದು.

ಬಣವೆ ಒಟ್ಟುವಾಗ

1. ಹುಲ್ಲನ್ನು ತೆಳ್ಳಗೆ ಹರಡಿ ತಿರುವಿ ಹಾಕಿ ಒಣಗಿಸಿ. ಗೆಣ್ಣಿನ ಭಾಗ ಕಡೆಗೆ ಒಣಗುತ್ತದೆ, ಅದನ್ನೇ ಮುರಿದು ನೋಡಿ. ಲಟಕ್ಕನೆ ಮುರಿಯಬೇಕು, ಬಾಗಬಾರದು.

2. ಅನುಮಾನವಿದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಹುಲ್ಲು, ಒಂದೆರಡು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಕೆಲವು ನಿಮಿಷ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಅಥವಾ ಉಂಡೆಕಟ್ಟಿದರೆ ತೇವ ಹೆಚ್ಚಿದೆ, ಇನ್ನೂ ಒಣಗಬೇಕು. ಮೆಕ್ಕೆಜೋಳದ ಕಾಳಿಗೂ ಈ ಪರೀಕ್ಷೆ ಆಗುತ್ತದೆ.

3. ಬಣವೆಯನ್ನು ನೆಲಕ್ಕೆ ತಾಗಿಸಬೇಡಿ. ಕಲ್ಲು ಅಥವಾ ಮರದ ದಿಮ್ಮಿ ಹಾಸಿ ಅದರ ಮೇಲೆ ಒಟ್ಟಿ. ನೆತ್ತಿ ಇಳಿಜಾರಾಗಿರಲಿ. ಟಾರ್ಪಾಲು ಹೊದಿಸುವುದಾದರೆ ಮೇಲೆ ಮಾತ್ರ ಹೊದಿಸಿ, ಸುತ್ತಲೂ ಗಾಳಿಯಾಡಲು ಬಿಡಿ. ಪೂರ್ತಿ ಸುತ್ತಿದರೆ ಒಳಗಿನ ಬೆವರಿಗೇ ಬೂಷ್ಟು ಹಿಡಿಯುತ್ತದೆ.

4. ಒಟ್ಟಿದ ಮೊದಲ ಎರಡು ಮೂರು ವಾರ ಕಾವು ನೋಡುತ್ತಿರಿ. ಉದ್ದನೆಯ ಕಬ್ಬಿಣದ ಸಲಾಕೆಯನ್ನು ನಡುವಿಗೆ ತೂರಿಸಿ ಕಾಲು ಗಂಟೆ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಒಳಗಿನ ಹುಲ್ಲು ಕೆಡುತ್ತಿದೆ ಎಂದು ತಿಳಿಯಿರಿ. ಬಹಳ ಕಾದ ಬಣವೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಅಂಥದ್ದನ್ನು ಬಿಚ್ಚುವಾಗ ನೀರು ಹತ್ತಿರವಿರಲಿ.

5. ಮಳೆಯಿಂದ ಒಣಗಿಸಲು ಆಗದೇ ಹೋದರೆ ಯೂರಿಯಾ ಪೌಷ್ಟೀಕರಣ ಮಾಡಬಹುದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 60 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ 21 ದಿನ ಇಡುವುದು ರೂಢಿ. ಇದರಲ್ಲಿ ಹುಟ್ಟುವ ಅಮೋನಿಯ ಬೂಷ್ಟನ್ನು ತಡೆಯುತ್ತದೆ. ಹುಲ್ಲು ಮೊದಲೇ ಒದ್ದೆಯಿದ್ದರೆ ನೀರನ್ನು ಕಡಿಮೆ ಮಾಡಬೇಕು. ಮೊದಲ ಸಾರಿ ಮಾಡುವವರು ವಿಸ್ತರಣಾಧಿಕಾರಿಯ ಎದುರಿನಲ್ಲೇ ಮಾಡಿರಿ, ಅಳತೆ ತಪ್ಪಿದರೆ ರಾಸಿಗೆ ಅಪಾಯ. ಈಗಾಗಲೇ ಬೂಷ್ಟು ಹಿಡಿದ ಹುಲ್ಲು ಇದರಿಂದ ಒಳ್ಳೆಯದಾಗುವುದಿಲ್ಲ.

ಹುಲ್ಲು ಹಿರಿದು ಹಾಕುವಾಗ

1. ಕೊಡವುವ ಮೊದಲು ನೀರು ಚಿಮುಕಿಸಿ. ಇದಕ್ಕೆ ಖರ್ಚಿಲ್ಲ, ಲಾಭ ದೊಡ್ಡದು. ಒದ್ದೆಯಾದ ಬೀಜಕಣ ಗಾಳಿಗೆ ಏಳುವುದಿಲ್ಲ. ಆ ಹೊತ್ತಿಗೆ ಬೇಕಾದಷ್ಟನ್ನೇ ನೆನೆಸಿ, ನೆನೆಸಿದ್ದನ್ನು ಮಾರನೆಯ ದಿನಕ್ಕೆ ಉಳಿಸಬೇಡಿ.

2. ಕೊಡವುವುದು ಬಯಲಿನಲ್ಲಿ ಇರಲಿ, ಮುಚ್ಚಿದ ಕೊಟ್ಟಿಗೆಯಲ್ಲಿ ಬೇಡ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲಿ.

3. ಮೇವು ಕತ್ತರಿಸುವ ಯಂತ್ರದ ಬಾಯಿಗೆ ದೂಳಿನ ಹುಲ್ಲನ್ನು ಒಣದಾಗಿಯೇ ಕೊಡಬೇಡಿ. ಯಂತ್ರದಿಂದ ದೂರದಲ್ಲೇ ಸ್ವಲ್ಪ ನೀರು ಚಿಮುಕಿಸಿಕೊಳ್ಳಿ. ಮೋಟಾರಿಗೆ, ವೈರಿಗೆ ನೀರು ತಾಗದಿರಲಿ.

4. ಮನೆಗೆ ಸೇರಿದ ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲು ತುಂಬುವ ರೂಢಿ ಇರುವಲ್ಲಿ, ಅದರ ಕೆಳಗೆ ಅಥವಾ ಪಕ್ಕದಲ್ಲಿ ಮಲಗಬೇಡಿ. ಮಕ್ಕಳನ್ನು ಹುಲ್ಲಿನ ಮೇಲೆ ಆಡಲು ಬಿಡಬೇಡಿ.

5. ಸೆರಗು, ಟವೆಲ್ಲು ದಪ್ಪ ದೂಳನ್ನಷ್ಟೇ ತಡೆಯುತ್ತವೆ, ಬೀಜಕಣಗಳನ್ನಲ್ಲ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮುಖಗವಸು ಸರಿಯಾಗಿ ಹಾಕಿಕೊಂಡರೆ ಬಹುಪಾಲನ್ನು ತಡೆಯುತ್ತದೆ. ಮೂಗಿನ ಮೇಲಿನ ತಂತಿಯನ್ನು ಒತ್ತಿ, ಪಕ್ಕದಲ್ಲಿ ಗಾಳಿ ನುಗ್ಗದಂತೆ ನೋಡಿಕೊಳ್ಳಿ. ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದರೆ ಅದೇ ದೂಳು ಅದರೊಳಗೆ ಕೂರುತ್ತದೆ, ಕಾಗದದ ಚೀಲದಲ್ಲಿ ಇಡಿ. ಒದ್ದೆಯಾದರೆ, ಹರಿದರೆ ಬದಲಾಯಿಸಿ.

6. ಸೈಲೇಜು ಗುಂಡಿ ಅಥವಾ ಚೀಲ ತೆರೆದಾಗ ಮೇಲೆ, ಅಂಚಿನಲ್ಲಿ ಬೂಷ್ಟು ಕಂಡರೆ ಆ ಪದರವನ್ನು ನೀರು ಚಿಮುಕಿಸಿ, ಮುಖಗವಸು ಹಾಕಿಕೊಂಡು ತೆಗೆದು ಎಸೆಯಿರಿ. ತೆರೆದ ಮೇಲೆ ದಿನವೂ ಒಂದೇ ಮುಖದಿಂದ ಸಮನಾಗಿ ತೆಗೆಯಿರಿ.

7. ಉಬ್ಬಸ ಇರುವವರು, ಹಿಂದೆ ಕ್ಷಯವಾಗಿದ್ದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಸ್ಟಿರಾಯ್ಡ್ ನುಂಗುವವರು ಬೂಷ್ಟು ಹುಲ್ಲಿನ ಹತ್ತಿರ ಹೋಗಲೇಬಾರದು. ಆ ಕೆಲಸವನ್ನು ಮನೆಯ ಬೇರೊಬ್ಬರು ಮುಖಗವಸು ಹಾಕಿಕೊಂಡು ಮಾಡಲಿ. "ಅದು ಹೆಂಗಸರ ಕೆಲಸ" ಎಂದು ಬಿಡಬೇಡಿ.

ಕೆಟ್ಟ ಹುಲ್ಲನ್ನು ಏನು ಮಾಡಬೇಕು?

ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಎಂಬುದು ತಪ್ಪು. ಬಿಸಿಲಿಗೆ ಹುಲ್ಲು ಒಣಗುತ್ತದೆ, ಬೀಜಕಣಗಳು ಹೋಗುವುದಿಲ್ಲ. ಒಣಗಿದ ಮೇಲೆ ಇನ್ನೂ ಚೆನ್ನಾಗಿ ಹಾರುತ್ತವೆ. ಅಂಥ ಹುಲ್ಲನ್ನು ರಾಸಿನ ಕೆಳಗೆ ಹಾಸಲೂ ಬೇಡ. ನೀರು ಹಾಕಿ ನೆನೆಸಿ ಗೊಬ್ಬರದ ಗುಂಡಿಗೆ ಸೇರಿಸಿ, ಮೇಲೆ ಸಗಣಿ ಬಗ್ಗಡ ಸುರಿಯಿರಿ. ಗುಂಡಿಯನ್ನು ತಿರುವುವಾಗಲೂ ಮೊದಲು ನೀರು ಚಿಮುಕಿಸಿ.

ರಾಸಿಗೂ ಹಾಲಿಗೂ ನಷ್ಟ

ಬೂಷ್ಟು ಹುಲ್ಲಿನಿಂದ ನಿಮ್ಮ ಆದಾಯಕ್ಕೂ ಪೆಟ್ಟು ಬೀಳುತ್ತದೆ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಗಬ್ಬದ ಹಸುವಿನ ಕಸಮಾಸಿಗೆ ತಗಲಿ ತಿಂಗಳು ತುಂಬುವ ಮುಂಚೆ ಕಂದು ಹಾಕುವುದುಂಟು. (ಕಂದು ಹಾಕಲು ಬೇರೆ ಕಾರಣಗಳೂ ಇವೆ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಹರಡುವುದರಿಂದ ಕಂದನ್ನಾಗಲಿ, ಕಸವನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ.)

ಬೂಷ್ಟು ಹಿಡಿದ ಹಿಂಡಿ, ಮೆಕ್ಕೆಜೋಳ ತಿಂದ ಹಸುವಿನ ಹಾಲಿನಲ್ಲಿ ಅಫ್ಲಾಟಾಕ್ಸಿನ್ ವಿಷದ ಅಂಶ ಒಂದೇ ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ನಮ್ಮ ದೇಶದ ಆಹಾರ ನಿಯಮದಂತೆ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಮನ್ನು ಮೀರುವಂತಿಲ್ಲ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ ಒಂದು ಮೈಕ್ರೋಗ್ರಾಮ್. ಒಂದು ಮನೆಯ ಕೆಟ್ಟ ಹಿಂಡಿ ಇಡೀ ಸಂಘದ ಕ್ಯಾನಿನ ಮೇಲೆ ಪರಿಣಾಮ ಮಾಡಬಹುದು. ಬೂಷ್ಟು ಹಿಂಡಿಯನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ಸದಸ್ಯರು ಕೇಳುವ ಪ್ರಶ್ನೆಗಳು

ನಮ್ಮ ತಾತ ಮುತ್ತಾತಂದಿರು ಇದೇ ಹುಲ್ಲು ಕೊಡವಲಿಲ್ಲವೇ?
ಕೊಡವಿದರು. ಅವರಲ್ಲಿ ಎಷ್ಟೋ ಜನ ವಯಸ್ಸಾಗುವ ಮುಂಚೆಯೇ ಗೂರಲು ಎಂದು ಮೂಲೆ ಹಿಡಿದರು. ಕಾರಣ ಹುಡುಕುವವರು ಇರಲಿಲ್ಲ. ಬೂಷ್ಟು ಹುಲ್ಲು ಮುಟ್ಟಿದವರೆಲ್ಲರಿಗೂ ಈ ರೋಗ ಬರುವುದಿಲ್ಲ ಎಂಬುದೂ ನಿಜ. ಆದರೆ ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ನನಗೆ ರೋಗ ಬಂದಿದೆ. ಹಸುಗಳನ್ನು ಮಾರಿಬಿಡಬೇಕೇ?
ಬೇಕಾಗಿಲ್ಲ. ಕೇಡು ಮಾಡುವುದು ಹಸುವಲ್ಲ, ಬೂಷ್ಟು. ಹುಲ್ಲಿನ ಕೆಲಸವನ್ನು ಬೇರೆಯವರಿಗೆ ವಹಿಸಿ, ಹಾಲು ಕರೆಯುವುದು, ಹಸಿರು ಮೇವು ಹಾಕುವುದನ್ನು ನೀವು ಮಾಡಬಹುದು. ಆದರೂ ಕೆಮ್ಮು ಮುಂದುವರಿದರೆ ವೈದ್ಯರ ಸಲಹೆಯಂತೆ ನಡೆಯಿರಿ.

ಜ್ವರ ತಾನಾಗಿಯೇ ಇಳಿಯುತ್ತದೆ. ಮತ್ತೇಕೆ ಆಸ್ಪತ್ರೆ?
ಇಳಿಯುವುದು ಜ್ವರ ಮಾತ್ರ. ಪ್ರತಿ ಸಾರಿ ಬಂದುಹೋಗುವಾಗಲೂ ಒಳಗೆ ಸ್ವಲ್ಪ ಗಾಯ ಉಳಿಯಬಹುದು. ಗಾಯ ಗಟ್ಟಿಯಾಗುವ ಮೊದಲು ದೂಳು ಬಿಟ್ಟವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಬಂಧುಗಳೇ, ಹಸು ಮೂಸಿ ಬಿಟ್ಟ ಹುಲ್ಲನ್ನು ಮತ್ತೆ ಕೊಡವಿ ಕೊಡವಿ ಹಾಕುವ ಮೊದಲು ಒಂದು ಗಳಿಗೆ ಯೋಚಿಸಿರಿ. ಅದಕ್ಕೆ ಬೇಡವಾದದ್ದು ನಿಮ್ಮ ಎದೆಗೂ ಬೇಡ. ಈ ಲೇಖನವನ್ನು ಮನೆಯಲ್ಲಿ ಹುಲ್ಲು ಹಾಕುವವರಿಗೆ ಓದಿ ಹೇಳಿರಿ. ಹೆಚ್ಚಿನ ಸಂಘಗಳಲ್ಲಿ ಸದಸ್ಯತ್ವ ಒಬ್ಬರ ಹೆಸರಿನಲ್ಲಿ ಇರುತ್ತದೆ, ದೂಳು ಕುಡಿಯುವವರು ಇನ್ನೊಬ್ಬರಾಗಿರುತ್ತಾರೆ.

ನೆನಪಿಡಿ:
• ಒಣಗಿಸಿ ಒಟ್ಟಿರಿ, ನೆನೆಸಿ ಕೊಡವಿರಿ.
• ಎರಡು ವಾರದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿರಿ.
• ವೈದ್ಯರಿಗೆ ನಿಮ್ಮ ಕೆಲಸವನ್ನು ಹೇಳಿರಿ.
• ಬೂಷ್ಟು ಹುಲ್ಲು ಗೋದಲಿಗೆ ಬೇಡ, ಗೊಬ್ಬರದ ಗುಂಡಿಗೆ ಇರಲಿ.

ಹುಲ್ಲು ಒಣಗಿಸುವ, ಪೌಷ್ಟೀಕರಿಸುವ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ಸಂಘದ ಕಾರ್ಯದರ್ಶಿಯ ಮೂಲಕ ವಿಸ್ತರಣಾಧಿಕಾರಿಯನ್ನು ಸಂಪರ್ಕಿಸಬಹುದು. ಹತ್ತು ಜನ ಸದಸ್ಯರು ಸೇರಿದರೆ ಕೊಯ್ಲಿಗೆ ಮುಂಚೆ ನಿಮ್ಮ ಊರಿಗೇ ಬಂದು ಪ್ರಾತ್ಯಕ್ಷಿಕೆ ತೋರಿಸುತ್ತೇವೆ.